ಕ್ಲಚ್ ಪೂರ್ತಿ ಬಿಡದಿದ್ದರೆ: ಗೇರ್‌ಬಾಕ್ಸ್ ಇಳಿಸುವ ಮುನ್ನ ನೋಡಬೇಕಾದದ್ದು

ಪೆಡಲನ್ನು ತಳದವರೆಗೆ ತುಳಿದಿದ್ದರೂ ರಿವರ್ಸ್ ಹಾಕುವಾಗ ಕರಕರ ಸದ್ದು ಬರುವುದು, ಮೊದಲ ಗೇರ್ ಸಲೀಸಾಗಿ ಬೀಳದಿರುವುದು, ಕಲಬುರಗಿಯ ಸೂಪರ್ ಮಾರ್ಕೆಟ್ ಸಂದಣಿಯಲ್ಲಿ ಕ್ಲಚ್ ಒತ್ತಿ ನಿಂತಾಗಲೂ ಕಾರು ಮುಂದಿನ ಆಟೊದತ್ತ ತೆವಳುವುದು, ಈ ಮೂರೂ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಪೂರ್ತಿ ಬೇರ್ಪಡಿಸುತ್ತಿಲ್ಲ ಎಂಬುದರ ಲಕ್ಷಣಗಳು. ಎಂಜಿನ್ನಿನ ವೇಗ ಏರಿದರೂ ಗಾಡಿ ಎಳೆಯದಿರುವುದು ಇದಕ್ಕೆ ತದ್ವಿರುದ್ಧವಾದ ದೋಷ. ಅಲ್ಲಿ ಕ್ಲಚ್ ಜಾರುತ್ತಿರುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಕ್ಲಚ್ ಸೆಟ್ ಬದಲಿಸಿದರೆ ಸಾವಿರಾರು ರೂಪಾಯಿ ಖರ್ಚಾದ ಮೇಲೂ ತೊಂದರೆ ಹಾಗೆಯೇ ಉಳಿಯಬಹುದು.

ನನ್ನ ಹಳೆಯ ಕಾರಿನಲ್ಲಿ ಹೀಗೆಯೇ ಆಯಿತು. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಇಳಿಸಿ ಹೊಸ ಸೆಟ್ ಹಾಕಿಕೊಟ್ಟರು. ಸೇಡಂ ರಸ್ತೆಗೆ ಬರುವಷ್ಟರಲ್ಲಿ ಅದೇ ಕರಕರ ಮರಳಿತು. ಕೊನೆಗೆ ಟಾರ್ಚ್ ಹಿಡಿದು ಪೆಡಲಿನ ಕೆಳಗೆ ತಲೆ ತೂರಿಸಿ ನೋಡಿದಾಗ, ಕೇಬಲ್ ಕೊಂಡಿಗೆ ಸೇರುವ ಜಾಗದಲ್ಲಿ ಅದರ ಉಕ್ಕಿನ ಎಳೆಗಳು ಅರ್ಧದಷ್ಟು ಹರಿದು ಪೊರಕೆಯ ತುದಿಯಂತೆ ಬಿರಿದು ನಿಂತಿದ್ದವು.

ಪೆಡಲ್ ಹತ್ತು ಸೆಂಟಿಮೀಟರಿಗೂ ಹೆಚ್ಚು ಒಳಗೆ ಹೋಗುತ್ತದೆ, ಆದರೆ ಒಳಗೆ ಕ್ಲಚ್ ಪ್ಲೇಟಿನ ಒಂದೊಂದು ಬದಿಗೆ ಬಿಡುವ ಸಂದು ಒಂದು ಮಿಲಿಮೀಟರಿಗೂ ಕಡಿಮೆ. ಹಾಗಾಗಿ ಪೆಡಲಿನಿಂದ, ಗೇರ್‌ಬಾಕ್ಸಿನ ಬಳಿ ಕ್ಲಚ್ಚನ್ನು ಬಿಡಿಸುವ ಲಿವರ್ ಆದ ಫೋರ್ಕಿನವರೆಗಿನ ದಾರಿಯಲ್ಲಿ ಎಲ್ಲಿಯಾದರೂ ಸ್ವಲ್ಪ ಚಲನೆ ನಷ್ಟವಾದರೂ ಪ್ಲೇಟ್ ಎಂಜಿನ್ನಿನೊಡನೆ ತಿರುಗುವ ಚಕ್ರವಾದ ಫ್ಲೈವೀಲಿಗೆ ಸವರುತ್ತಲೇ ಇರುತ್ತದೆ. ಈ ಹೊರಗಿನ ದಾರಿಯನ್ನು ಪರೀಕ್ಷಿಸಲು ಒಂದು ಗಂಟೆ ಸಾಕು.

ಮೊದಲು ದೋಷ ಕ್ಲಚ್ಚಿನದೇ ಎಂದು ಖಚಿತಪಡಿಸಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಬಂದ್ ಮಾಡಿ ಎಲ್ಲ ಗೇರ್‌ಗಳನ್ನೂ ಹಾಕಿ ನೋಡಿ. ಆಗಲೂ ಬಿಗಿಯಾಗಿದ್ದರೆ ಗೇರ್ ಲಿವರಿನ ಜೋಡಣೆಯಲ್ಲಿ ಅಥವಾ ಗೇರ್‌ಬಾಕ್ಸಿನಲ್ಲಿ ತೊಂದರೆಯಿದೆ. ನಂತರ ಕಾರನ್ನು ನ್ಯೂಟ್ರಲ್‌ನಲ್ಲಿ ಚಾಲೂ ಮಾಡಿ, ಬ್ರೇಕ್ ತುಳಿದುಕೊಂಡೇ ಪೆಡಲನ್ನು ಪೂರ್ತಿ ಒತ್ತಿ, ನಿಧಾನವಾಗಿ ಹತ್ತು ಎಣಿಸಿದ ಮೇಲೆ ರಿವರ್ಸ್ ಹಾಕಿ. ಒತ್ತಿದ ಕೂಡಲೇ ಹಾಕಿದರೆ ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿರುವುದರಿಂದ ಒಳ್ಳೆಯ ಕಾರಿನಲ್ಲಿಯೂ ಸದ್ದು ಬರಬಹುದು. ಹತ್ತು ಎಣಿಸಿದ ಮೇಲೂ ಕರಕರ ಎಂದರೆ ಕ್ಲಚ್ ಬಿಡುತ್ತಿಲ್ಲ ಎಂಬುದರಲ್ಲಿ ಸಂಶಯವಿಲ್ಲ.

ಈಗ ಪೆಡಲಿನ ಕೆಳಗಿನ ಮ್ಯಾಟ್ ತೆಗೆಯಿರಿ. ದಪ್ಪ ಮ್ಯಾಟ್ ಮಡಚಿಕೊಂಡು ಪೆಡಲನ್ನು ತಡೆಯುವುದು ಅಪರೂಪವೇನಲ್ಲ. ಬಳಿಕ ಬಾನೆಟ್ ತೆರೆದು, ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಬಂದ್ ಇರುವಾಗ ಪೆಡಲ್ ಒತ್ತಿಸಿ, ಗೇರ್‌ಬಾಕ್ಸಿನ ಬದಿಯ ಫೋರ್ಕ್ ಲಿವರ್ ಎಷ್ಟು ಸರಿಯುತ್ತದೆ ಎಂದು ನೋಡಿ; ಶಾಲೆಯ ಮಕ್ಕಳ ಅಳತೆಪಟ್ಟಿ ಹಿಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಆಗಲೇ ಪೆಡಲಿನ ಹಿಂದಿನ ತಗಡಿನ ಗೋಡೆಯ ಮೇಲೂ ಕಣ್ಣಿಡಿ. ಹಳೆಯ ಗಾಡಿಗಳಲ್ಲಿ ಅದು ಬಿರುಕುಬಿಟ್ಟು ಒತ್ತಿದಾಗಲೆಲ್ಲ ಬಾಗುತ್ತದೆ. ಆಗ ಕೇಬಲ್ ಹೊಸದಾಗಿದ್ದರೂ ಪ್ರಯೋಜನವಿಲ್ಲ.

ಹಳೆಯ ಆಲ್ಟೊದಂಥ ಕೇಬಲ್ ಕಾರುಗಳಲ್ಲಿ ಪೆಡಲನ್ನು ಬೆರಳಿನಿಂದ ಒತ್ತಿ, ಬಿಗಿ ಸಿಗುವ ಮುನ್ನ ಅದು ಎಷ್ಟು ಸಡಿಲವಾಗಿ ಹೋಗುತ್ತದೆ ಎಂದು ಅಳೆಯಬೇಕು. ಅನೇಕ ಕಾರುಗಳಲ್ಲಿ ಈ ಆಟ ಸುಮಾರು 15ರಿಂದ 25 ಮಿಲಿಮೀಟರ್. ನಿಮ್ಮ ಕಾರಿನ ಅಳತೆಯನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಹೆಚ್ಚಿದ್ದರೆ ಫೋರ್ಕಿನ ತುದಿಯ ನಟ್ ಬಿಗಿಮಾಡಬೇಕು, ಆದರೆ ಆಟವೇ ಇಲ್ಲದಷ್ಟು ಬಿಗಿದರೆ ಕ್ಲಚ್ ಜಾರತೊಡಗುತ್ತದೆ. ನಟ್ ತಿರುಗಿಸುವ ಮುನ್ನ ಕೇಬಲ್ಲಿನ ಎರಡೂ ತುದಿಗಳ ಎಳೆಗಳನ್ನು ನೋಡಿ. ಶಹಾಬಾದ್, ವಾಡಿ, ಸೇಡಂ ಕಡೆ ನಿತ್ಯ ಓಡಾಡುವ ಗಾಡಿಗಳ ಕೇಬಲ್ ಕವಚದೊಳಗೆ ಕಲ್ಲಿನ ಮತ್ತು ಸಿಮೆಂಟಿನ ಧೂಳು ಸೇರಿ ಪೆಡಲ್ ಗಡುಸಾಗುತ್ತದೆ. ಅಂಥ ಕೇಬಲನ್ನು ಬದಲಿಸುವುದೇ ಮೇಲು.

ಕೇಬಲ್ ಬದಲು ಆಯಿಲಿನ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇದ್ದರೆ ಮೊದಲು ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಎಷ್ಟಿದೆ ನೋಡಿ. ಕಡಿಮೆಯಾಗಿದ್ದರೆ ಅದು ಎಲ್ಲಿಯೋ ಸೋರಿರಬಹುದು: ಪೆಡಲಿನ ಹಿಂದೆ ಮ್ಯಾಟ್ ಒದ್ದೆಯಾಗಿದ್ದರೆ ಮೇಲಿನ ಸಿಲಿಂಡರ್, ಗೇರ್‌ಬಾಕ್ಸಿನ ಪಕ್ಕದ ರಬ್ಬರ್ ಮುಚ್ಚಳದೊಳಗೆ ಒದ್ದೆಯಿದ್ದರೆ ಕೆಳಗಿನ ಸಿಲಿಂಡರ್. ನಾಲ್ಕೈದು ಸಲ ಬೇಗಬೇಗ ಪಂಪ್ ಮಾಡಿದರೆ ಗೇರ್ ಸಲೀಸಾಗಿ ಬೀಳುತ್ತದೆ ಎಂದಾದರೆ ಏರ್ ಹಿಡಿದಿರುವ, ಅಂದರೆ ಆಯಿಲಿನೊಳಗೆ ಗಾಳಿ ಸೇರಿರುವ ಸಂಭವ ಹೆಚ್ಚು. ಎಲ್ಲಿಯೂ ಸೋರಿಕೆ ಕಾಣದೆ, ಪೆಡಲ್ ಒತ್ತಿ ಹಿಡಿದಿರುವಾಗ ಸ್ವಲ್ಪ ಹೊತ್ತಿನ ಮೇಲೆ ಕಾರು ತೆವಳತೊಡಗಿದರೆ ಮೇಲಿನ ಸಿಲಿಂಡರಿನ ಒಳ ಸೀಲ್ ಸವೆದಿದೆ ಎಂದು ಅನುಮಾನಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ, ಹಳೆಯದಾದಷ್ಟೂ ಬೇಗ ಕುದಿಯುತ್ತದೆ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ, ಬೆಳಿಗ್ಗೆ ಸರಿಯಿದ್ದ ಪೆಡಲ್ ಮಧ್ಯಾಹ್ನ ಮೆತ್ತಗಾದರೆ ಈ ಕಾರಣವನ್ನೂ ಪರಿಗಣಿಸಿ.

ಏರ್ ತೆಗೆಯಲು ಇಬ್ಬರು ಬೇಕು. ಕೆಳಗಿನ ಸಿಲಿಂಡರಿನಲ್ಲಿ ಗಾಳಿ ಹೊರಬಿಡಲು ಇರುವ ತಿರುಪು, ಅಂದರೆ ನಿಪ್ಪಲ್ಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಹಾಕಿದ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಬಂದ ಮೇಲೆ ಬಿಗಿಯಬೇಕು; ನಿಪ್ಪಲ್ ಬಿಗಿಯುವ ಮುನ್ನ ಪೆಡಲ್ ಮೇಲೆ ಬಂದರೆ ಗಾಳಿ ಮತ್ತೆ ಒಳಗೆ ಸೇರುತ್ತದೆ. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡುತ್ತ, ಡಬ್ಬಿ ಬರಿದಾಗದಂತೆ ನೋಡಿಕೊಳ್ಳಿ, ಏಕೆಂದರೆ ಅನೇಕ ಕಾರುಗಳಲ್ಲಿ ಬ್ರೇಕಿಗೂ ಅದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುವುದನ್ನೇ ಹಾಕಿ. ಎಂಜಿನ್ ಆಯಿಲ್ ಒಂದು ತೊಟ್ಟು ಬಿದ್ದರೂ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ.

ಬೀದರಿನ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರಿನಲ್ಲಿ ತುಕ್ಕಿನಿಂದ ಪ್ಲೇಟ್ ಫ್ಲೈವೀಲಿಗೆ ಅಂಟಿಕೊಳ್ಳುವುದುಂಟು. ಅದನ್ನು ಬಯಲಿನಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ಅನುಭವಿ ಮಿಸ್ತ್ರಿಯಿಂದಲೇ ಬಿಡಿಸಿಕೊಳ್ಳಿ.

ಫೋರ್ಕ್ ಪೂರ್ತಿ ಸರಿಯುತ್ತಿದ್ದು ದೋಷ ಉಳಿದರೆ ಮಾತ್ರ ಗೇರ್‌ಬಾಕ್ಸ್ ಇಳಿಸಲು ಒಪ್ಪಿಕೊಳ್ಳಿ. ಆಗ ನೀವೂ ಜೊತೆಗಿದ್ದು, ಪ್ಲೇಟ್ ಬಾಗಿದೆಯೇ, ಅದರ ನಡುವಿನ ಹಲ್ಲುಗಳಿಗೆ ತುಕ್ಕು ಹಿಡಿದಿದೆಯೇ, ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳಿನಂಥ ಸ್ಪ್ರಿಂಗ್‌ಗಳು ಒಂದೇ ಎತ್ತರದಲ್ಲಿವೆಯೇ, ಫೋರ್ಕ್ ಸೀಳಿದೆಯೇ ಎಂದು ನೋಡಿ. ಹೊಸ ಪ್ಲೇಟನ್ನು ತಿರುವುಮುರುವಾಗಿ ಕೂರಿಸಿದರೂ, ಜೋಡಿಸುವಾಗ ಗೇರ್‌ಬಾಕ್ಸಿನ ಭಾರವೆಲ್ಲ ಪ್ಲೇಟಿನ ಮೇಲೆ ಬಿದ್ದು ಅದು ಬಾಗಿದರೂ ಇದೇ ತೊಂದರೆ ಮರಳುತ್ತದೆ. ಆದ್ದರಿಂದ ಗೇರ್‌ಬಾಕ್ಸ್ ಮೇಲೇರಿಸುವಾಗ ಅದಕ್ಕೆ ಕೆಳಗಿನಿಂದ ಜಾಕ್ ಕೊಡುವಂತೆ ಮಿಸ್ತ್ರಿಗೆ ಮೊದಲೇ ಹೇಳಿ.