ಹೈಸ್ಕೂಲ್ ಮಕ್ಕಳೇ ನಡೆಸುವ ಡಿಜಿಟಲ್ ಪತ್ರಿಕೆ: ಶುರು ಮಾಡೋದು ಹೀಗೆ

ಜೂನ್‌ನಲ್ಲಿ ಮಕ್ಕಳಿಗೆ ಹುರುಪು ಜಾಸ್ತಿ. ಪತ್ರಿಕೆ ಮಾಡುವ ಆಸೆ ಇದ್ದರೆ ಆಗಲೇ ಮಾತು ತೆಗೆಯಿರಿ. ತಂಡ ಕಟ್ಟಲು ಜುಲೈ 1 ಒಳ್ಳೆಯ ದಿನ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು ಅವತ್ತೇ, ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿ. ಮೊದಲ ಸಂಚಿಕೆ ಆಗಸ್ಟ್ 15ಕ್ಕೆ ಅಂತ ಬೋರ್ಡಿನ ಮೇಲೆ ಬರೆದುಬಿಡಿ, ಆರು ವಾರ ಸಾಕು.

ಸಂಪಾದಕರು ಒಂಬತ್ತನೇ ಕ್ಲಾಸಿನವರಾಗಲಿ. ಹತ್ತನೆಯವರು ಬರೆಯಲಿ, ಆದರೆ ಹೊಣೆ ಬೇಡ, ಡಿಸೆಂಬರ್ ದಾಟಿದರೆ ಅವರಿಗೆ ಎಸ್ಸೆಸ್ಸೆಲ್ಸಿ ಬಿಟ್ಟು ಬೇರೇನೂ ಕಾಣಿಸೋದಿಲ್ಲ. ಎಂಟನೆಯವರು ಇಬ್ಬರನ್ನಾದರೂ ಸೇರಿಸಿ, ಮುಂದೆ ನಡೆಸಬೇಕಾದವರು ಅವರೇ ಅಲ್ವಾ?

ಕಷ್ಟ ಇರೋದು ಬರಹದಲ್ಲಿ. ಸುಮ್ನೆ ‘ಲೇಖನ ಕೊಡಿ’ ಅಂದರೆ ಗೈಡಿನ ಪ್ರಬಂಧಗಳೇ ಬರುತ್ತವೆ. ಒಬ್ಬ ಹುಡುಗ ‘ನೀರಿನ ಮಹತ್ವ’ ಅಂತ ಎರಡು ಪುಟ ತಂದಿದ್ದ. ನಾನು ಅದನ್ನು ಪಕ್ಕಕ್ಕಿಟ್ಟು, “ನಿಮ್ಮನೆಗೆ ನೀರು ಎಷ್ಟು ಹೊತ್ತಿಗೆ ಬರುತ್ತೋ?” ಅಂತ ಕೇಳಿದೆ. “ರಾತ್ರಿ ಹನ್ನೊಂದರ ಮೇಲೆ ಸರ್. ನಲ್ಲಿ ಕೆಳಗೆ ಖಾಲಿ ಕೊಡ ಇಟ್ಟು ಮಲಗ್ತೀವಿ, ನೀರು ಬಿದ್ದ ಸದ್ದಿಗೆ ಅಮ್ಮ ಏಳ್ತಾಳೆ” ಅಂದ. ಅದನ್ನೇ ಬರಿ ಅಂದೆ. ಹನ್ನೆರಡು ಸಾಲು ಬರೆದ. ಆ ಸಂಚಿಕೆ ಓದಿದವರೆಲ್ಲ ಮಾತಾಡಿದ್ದು ಆ ಕೊಡದ ಬಗ್ಗೆಯೇ. ಹಾಗಾಗಿ ವಿಷಯ ಕೊಡಬೇಡಿ, ಪ್ರಶ್ನೆ ಕೇಳಿ. ಕಾಗುಣಿತ ತಿದ್ದಿ, ಮಗುವಿನ ಮಾತು ತಿದ್ದಬೇಡಿ. ಯಾವುದು ಪ್ರಕಟವಾಗಬೇಕು ಅನ್ನೋದನ್ನು ಮಕ್ಕಳೇ ಕೂತು ಜಗಳವಾಡಿ ತೀರ್ಮಾನಿಸಲಿ, ಮೇಷ್ಟ್ರು ಯಾರಿಗಾದರೂ ನೋವಾಗುವಂಥದ್ದು ಇದೆಯಾ ಅಂತಷ್ಟೇ ನೋಡಿದರೆ ಸಾಕು.

ಟೈಪಿಂಗಿಗೆ ಫೋನೇ ಸಾಕು. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡಿನಲ್ಲಿ ಮೈಕ್ ಒತ್ತಿ ಓದಿದರೆ ಕನ್ನಡದಲ್ಲೇ ಅಕ್ಷರ ಮೂಡುತ್ತದೆ, ಆಮೇಲೆ ಇನ್ನೊಬ್ಬರು ಕೈಬರಹ ಹಿಡಿದುಕೊಂಡು ಒಂದೊಂದೇ ಸಾಲು ತಾಳೆ ನೋಡಬೇಕು. ಆಫೀಸಿನ ಕಂಪ್ಯೂಟರಿನಲ್ಲಿ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ ಬಳಸೋದಾದರೆ ಯೂನಿಕೋಡ್ (ಎಲ್ಲ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಆಯ್ಕೆ ಮಾಡಿಕೊಂಡೇ ಶುರು ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದನ್ನು ಫೋನಿಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಒಂದು ಇಡೀ ಸಂಜೆಯ ಕೆಲಸ ನಮಗೆ ಹಾಗೇ ಹೋಯಿತು.

ಪುಟ ಕಟ್ಟಲು ವಿನ್ಯಾಸದ ಆಪ್ ಕ್ಯಾನ್ವಾ ಅಥವಾ ಗೂಗಲ್ ಡಾಕ್ಸ್, ಯಾವುದಾದರೂ ಆಗುತ್ತದೆ. ಪುಟದ ಅಳತೆ ಎ4 ಬೇಡ, ಅದರ ಅರ್ಧದಷ್ಟಿರುವ ಎ5 ಇಡಿ, ಫೋನಿನಲ್ಲಿ ಹಿಗ್ಗಿಸದೆ ಓದಬಹುದು. ಎಂಟು ಪುಟ. ಅಕ್ಷರಕ್ಕೆ ನೋಟೋ ಸೆರಿಫ್ ಕನ್ನಡ, ಶೀರ್ಷಿಕೆಗೆ ಬಾಲೂ ತಮ್ಮ, ಎರಡೂ ಉಚಿತ ಫಾಂಟ್. ಒತ್ತಕ್ಷರ ಎಲ್ಲಾದರೂ ಒಡೆದಿದೆಯಾ ಅಂತ ಪಿಡಿಎಫ್ ಮಾಡಿದ ಮೇಲೆ ಇನ್ನೊಮ್ಮೆ ನೋಡಿ. ಫೈಲ್ 5 ಎಂಬಿ ಒಳಗಿರಲಿ, ಡೇಟಾ ಕಮ್ಮಿ ಇರುವ ಮನೆಗಳೂ ತೆರೆಯಬೇಕು.

ಚಿತ್ರ ಬಿಡಿಸುವ ಮಕ್ಕಳನ್ನು ಮರೆಯಬೇಡಿ, ಅಂತರ್ಜಾಲದ ಚಿತ್ರ ಎತ್ತಿ ಹಾಕೋದಕ್ಕಿಂತ ಅವರದ್ದೇ ಚೆಂದ. ಮಕ್ಕಳ ಫೋಟೊ ಹಾಕುವ ಮುಂಚೆ ಅಪ್ಪ ಅಮ್ಮನ ಸಹಿ ಇರುವ ಒಪ್ಪಿಗೆ ಚೀಟಿ ತರಿಸಿ. ಫೋನ್ ನಂಬರ್, ಮನೆ ವಿಳಾಸ ಯಾವ ಪುಟದಲ್ಲೂ ಬೇಡ.

ಬಿಡುಗಡೆಯ ದಿನ ಪಿಡಿಎಫ್ ಅನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ. ಜೊತೆಗೆ ಒಂದೇ ಒಂದು ಪ್ರತಿ ಪ್ರಿಂಟ್ ತೆಗೆಸಿ ಗೋಡೆಪತ್ರಿಕೆಯ ಜಾಗದಲ್ಲಿ ಅಂಟಿಸಿ, ಮನೆಯಲ್ಲಿ ಫೋನ್ ಇಲ್ಲದ ಮಗು ಕೂಡ ತನ್ನ ಹೆಸರನ್ನು ಅಲ್ಲಿ ನಿಂತು ಓದಲಿ.