ಸಿಡಿ ಪ್ಲೇಯರ್ ಕೊಳ್ಳುವ ಮುಂಚೆ ಕೊನೆಯ ಹಾಡು ಹಾಕಿ ನೋಡಿ

ಅಟ್ಟ ಗುಡಿಸುವಾಗ ಒಂದು ರಟ್ಟಿನ ಡಬ್ಬ ಸಿಗುತ್ತದೆ. ಒಳಗೆ ಭಾವಗೀತೆ, ಸಿನಿಮಾ ಹಾಡು, ಒಂದೆರಡು ಯಕ್ಷಗಾನ ಪ್ರಸಂಗ, ಯಾರದೋ ಮದುವೆಯ ವಿಡಿಯೊ. ಎಲ್ಲ ಸಿಡಿಗಳೇ. ಎಸೆಯಲು ಮನಸ್ಸು ಬರುವುದಿಲ್ಲ, ಕೇಳಲು ಪ್ಲೇಯರ್ ಇಲ್ಲ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇರುವುದಿಲ್ಲ. ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್, ಸ್ಪೀಕರ್ ಇದ್ದರಂತೂ ಒಂದು ಸಿಡಿ ಪ್ಲೇಯರ್ ತಂದೇಬಿಡೋಣ ಅನ್ನಿಸುತ್ತದೆ. ತನ್ನಿ. ಆದರೆ ಅಂಗಡಿಗೆ ಹೊರಡುವ ಮೊದಲು ಆ ಡಬ್ಬದ ಮುಂದೆ ಅರ್ಧ ಗಂಟೆ ಕೂತುಕೊಳ್ಳಿ.

1. ಡಿಸ್ಕ್‌ಗಳನ್ನು ಬೇರೆ ಬೇರೆ ಮಾಡಿ

ಒಂದೊಂದನ್ನೇ ತಿರುಗಿಸಿ ತಳ ನೋಡಿ. ಕಂಪನಿಯವರು ಅಚ್ಚು ಹಾಕಿದ ಸಿಡಿಯ ತಳ ಬೆಳ್ಳಿಯಂತೆ ಹೊಳೆಯುತ್ತದೆ. ಕಂಪ್ಯೂಟರ್‌ನಲ್ಲಿ ಬರ್ನ್ ಮಾಡಿದ್ದರೆ ಸಾಮಾನ್ಯವಾಗಿ ಹಸಿರು ಅಥವಾ ನೀಲಿ ಛಾಯೆ ಕಾಣುತ್ತದೆ. ಎಂಪಿ3 ಸಿಡಿ ಗುರುತಿಸಲು ಲೆಕ್ಕ ಸಾಕು. ಮಾಮೂಲಿ ಆಡಿಯೊ ಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ, ಅಂದರೆ ಹದಿನೈದು ಹಾಡು, ಜಾಸ್ತಿ ಅಂದರೆ ಇಪ್ಪತ್ತು. ಕವರ್ ಮೇಲೆ ‘150 ಹಾಡುಗಳು’ ಎಂದು ಬರೆದಿದ್ದರೆ ಅದು ಎಂಪಿ3.

ಈ ವಿಂಗಡಣೆ ಯಾಕೆ ಅಂತೀರಾ? ಹಳೆಯ ಸಿಡಿ ಪ್ಲೇಯರ್‌ಗಳಿಗೆ ಎಂಪಿ3 ಎಂದರೆ ಏನೆಂದೇ ಗೊತ್ತಿಲ್ಲ. ಬರ್ನ್ ಮಾಡಿದ ಡಿಸ್ಕ್ ಎಂದರೂ ಕೆಲವು ಮುಖ ತಿರುಗಿಸುತ್ತವೆ. ಅದರಲ್ಲೂ ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಬೆಳಕನ್ನು ಮಾಮೂಲಿ ಸಿಡಿಯ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಪ್ರತಿಫಲಿಸುತ್ತದೆ. ಡಿಸ್ಕ್ ಓದುವ ಹಳೇ ಲೇಸರ್‌ಗೆ ಅದು ಕಾಣುವುದೇ ಇಲ್ಲ. ಡಬ್ಬದಲ್ಲಿ ಎಂಪಿ3 ಜಾಸ್ತಿ ಇದ್ದರೆ ಎಂಪಿ3 ಓದುವ ಪ್ಲೇಯರ್ ನೋಡಿ. ಮದುವೆಯ ವಿಡಿಯೊ ಸಿಡಿಗೆ ಡಿವಿಡಿ ಪ್ಲೇಯರ್ರೇ ಬೇಕು.

2. ಆಂಪ್ಲಿಫೈಯರ್‌ನ ಬೆನ್ನು ನೋಡಿ

ಅಲ್ಲಿ ಕೆಂಪು–ಬಿಳಿ ಜೋಡಿ ತೂತುಗಳು ಸಾಲಾಗಿರುತ್ತವೆ. ‘ಸಿಡಿ’, ‘ಆಕ್ಸ್’, ‘ಲೈನ್’ ಎಂದು ಬರೆದ ಯಾವುದಕ್ಕೆ ಬೇಕಾದರೂ ಪ್ಲೇಯರ್ ಸೇರಿಸಬಹುದು. ‘ಫೋನೊ’ ಎಂದಿರುವುದಕ್ಕೆ ಮಾತ್ರ ಬೇಡ. ಅದು ಗ್ರಾಮಫೋನ್ ತಟ್ಟೆ ತಿರುಗಿಸುವ ಟರ್ನ್‌ಟೇಬಲ್‌ಗೆ. ಅದರ ಮುಳ್ಳಿನಿಂದ ಬರುವುದು ಕೆಲವೇ ಮಿಲಿವೋಲ್ಟ್; ಸಿಡಿ ಪ್ಲೇಯರ್ ಕೊಡುವುದು ಸುಮಾರು 2 ವೋಲ್ಟ್. ಅಲ್ಲಿಗೆ ಚುಚ್ಚಿದರೆ ಹಾಡಲ್ಲ, ಅರಚಾಟ ಕೇಳುತ್ತದೆ.

ಕೆಂಪು–ಬಿಳಿ ತೂತೇ ಇಲ್ಲದ ಸೌಂಡ್‌ಬಾರ್ ಇದ್ದರೆ ಆಪ್ಟಿಕಲ್ ಔಟ್‌ಪುಟ್, ಅಂದರೆ ಬೆಳಕಿನ ಮೂಲಕ ಡಿಜಿಟಲ್ ಅಂಕಿ ಕಳಿಸುವ ತೂತು, ಇರುವ ಪ್ಲೇಯರ್ ಹುಡುಕಿ. ನಿಮ್ಮ ಆಂಪ್ಲಿಫೈಯರ್ ಒಳಗೇ ಡ್ಯಾಕ್ ಇದ್ದರೆ, ಅಂದರೆ ಡಿಜಿಟಲ್ ಅಂಕಿಗಳನ್ನು ಸದ್ದಾಗಿ ಬದಲಾಯಿಸುವ ಭಾಗ ಇದ್ದರೆ, ಇನ್ನೂ ಸಲೀಸು. ಪ್ಲೇಯರ್ ಬರೀ ಓದಿ ಕೊಟ್ಟರೆ ಸಾಕು. ಆಪ್ಟಿಕಲ್ ಅಥವಾ ಕೋಆಕ್ಸಿಯಲ್ (ಅದೇ ಅಂಕಿಗಳನ್ನು ತಂತಿಯಲ್ಲಿ ಕಳಿಸುವ) ತೂತಿರುವ ಹಳೆಯ ಡಿವಿಡಿ ಪ್ಲೇಯರ್ ಕೂಡ ನಡೆಯುತ್ತದೆ.

ಡಿವಿಡಿ ಪ್ಲೇಯರ್‌ನಲ್ಲಿ ಎರಡು ತೊಡಕಿವೆ. ಎಷ್ಟೋ ಮಾಡೆಲ್‌ಗಳಲ್ಲಿ ಹಾಡಿನ ನಂಬರ್ ತೋರಿಸುವ ಡಿಸ್‌ಪ್ಲೇ ಇರುವುದಿಲ್ಲ, ಹಾಡು ಬದಲಿಸಲು ಟಿವಿ ಹಾಕಬೇಕು. ಇನ್ನೊಂದು, ಕೆಲವು ಪ್ಲೇಯರ್‌ಗಳು ಒಂದು ಟ್ರ್ಯಾಕ್ ಮುಗಿದ ಮೇಲೆ ಚೂರು ನಿಂತು ಮುಂದಕ್ಕೆ ಹೋಗುತ್ತವೆ. ಸಿನಿಮಾ ಹಾಡಿಗೆ ಗೊತ್ತಾಗುವುದಿಲ್ಲ. ಸಂಗೀತ ಕಛೇರಿಯ ಸಿಡಿಯಲ್ಲಿ ಆಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು, ತನಿ ಆವರ್ತನ ಮತ್ತೊಂದು. ಮೃದಂಗ ಎತ್ತಿಕೊಳ್ಳುವ ಜಾಗದಲ್ಲೇ ಸದ್ದು ಕತ್ತರಿಸಿದರೆ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಸಂಗೀತ ಕೇಳುವ ಮನೆಯಾದರೆ ಅಂಥ ಸಿಡಿ ಒಂದನ್ನು ಹಾಕಿ ಪರೀಕ್ಷಿಸಿಯೇ ಕೊಳ್ಳಿ.

3. ಅಂಕಿಗಳಿಗೆ ಮಾರುಹೋಗಬೇಡಿ

ಹೊಸ ಪ್ಲೇಯರ್‌ನ ಡಬ್ಬದ ಮೇಲೆ ‘192 ಕಿಲೋಹರ್ಟ್ಸ್, 24 ಬಿಟ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಸಿಡಿಯೊಳಗೆ ಇರುವುದು ಸದ್ದನ್ನು ಸೆಕೆಂಡಿಗೆ 44,100 ಸಲ (44.1 ಕಿಲೋಹರ್ಟ್ಸ್) ಅಳೆದ ಅಂಕಿಗಳು, ಒಂದೊಂದೂ 16 ಬಿಟ್, ಅಷ್ಟೇ. ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಕೂತು ಇದನ್ನು ತೀರ್ಮಾನಿಸಿದರು. 1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಮೊದಲ ಪ್ಲೇಯರ್ ಮಾರಾಟಕ್ಕೆ ಬಂತು. ಆಡಿಯೊ ಸಿಡಿಯ ಈ ಲೆಕ್ಕ ಇವತ್ತಿಗೂ ಅದೇ. ಡ್ಯಾಕ್ ಒಳ್ಳೆಯದಿದ್ದರೆ ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ಆದರೆ ಸರಿಯಾಗಿ ಓದುವ ಎರಡು ಪ್ಲೇಯರ್‌ಗಳ ನಡುವೆ ನನ್ನ ಕಿವಿಗೆ ಕೇಳುವ ವ್ಯತ್ಯಾಸಕ್ಕಿಂತ, ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದಾಗ ಕೇಳುವ ವ್ಯತ್ಯಾಸವೇ ದೊಡ್ಡದು. ಅದಕ್ಕೆ ಖರ್ಚೂ ಇಲ್ಲ ಅಲ್ವಾ?

4. ಹೊಸದೋ ಹಳೆಯದೋ?

ಯಮಹಾ, ಡೆನಾನ್, ಮರಾಂಟ್ಜ್ ಕಂಪನಿಗಳು ಸಿಡಿ ಪ್ಲೇಯರ್ ಮಾಡುವುದನ್ನು ಬಿಟ್ಟಿಲ್ಲ. ಹೊಸದು ತಂದರೆ ವಾರಂಟಿ ಇರುತ್ತದೆ, ತಲೆನೋವು ಕಡಿಮೆ. ಆದರೆ ಡಬ್ಬದಲ್ಲಿ ಇರುವುದೇ ಮೂವತ್ತು ಸಿಡಿ ಎಂದರೆ ಅಷ್ಟು ದುಡ್ಡು ಸುರಿಯಲು ಯೋಚಿಸಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನಿನಲ್ಲೋ ಹುಡುಕಿದರೆ ಹಳೆಯವೂ ಸಿಗುತ್ತವೆ.

ಹಳೆಯದಾದರೆ ಮೊದಲು ಹಿಂಬದಿಯ ಚೀಟಿ ಓದಿ. ಅಮೆರಿಕದಲ್ಲಿದ್ದ ಮಗ ತಂದಿದ್ದು ಎಂದು ಹೇಳಿ ಮಾರುವ ಸೆಟ್‌ಗಳು 120 ವೋಲ್ಟಿನವು ಇರಬಹುದು. ಜಪಾನಿನ ಮಾರುಕಟ್ಟೆಯವಾದರೆ 100. ನಮ್ಮ ಗೋಡೆಯಲ್ಲಿ ಇರುವುದು 230. ನೇರ ಚುಚ್ಚಿದರೆ ಸುಟ್ಟ ವಾಸನೆ ಗ್ಯಾರಂಟಿ. ವೋಲ್ಟೇಜ್ ಬದಲಿಸುವ ಸ್ವಿಚ್ ಇದೆಯೇ ನೋಡಿ. ಇಲ್ಲದಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್‌ನ ಖರ್ಚನ್ನೂ ಸೇರಿಸಿ ಚೌಕಾಸಿ ಮಾಡಿ.

5. ಮೂರು ಡಿಸ್ಕ್ ಜೇಬಲ್ಲಿಟ್ಟುಕೊಂಡು ಹೋಗಿ

ನಾನು ಏಮಾರಿದ್ದು ಇಲ್ಲೇ. ಹಳೆಯ ಪ್ಲೇಯರ್ ಒಂದನ್ನು ನೋಡಲು ಹೋದಾಗ ಮಾರುವವರು ತಮ್ಮದೇ ಸಿಡಿ ಹಾಕಿದರು, ಮೊದಲ ಹಾಡು ಸೊಗಸಾಗಿ ಬಂತು. ದುಡ್ಡು ಕೊಟ್ಟು ಎತ್ತಿಕೊಂಡು ಬಂದೆ. ಮನೆಯಲ್ಲಿ ಹಾಕಿದರೆ ಹನ್ನೊಂದನೇ ಹಾಡಿನಿಂದ ಟುಕ್ ಟುಕ್ ಟುಕ್.

ಕಾರಣ ಆಮೇಲೆ ತಿಳಿಯಿತು. ಗ್ರಾಮಫೋನ್ ತಟ್ಟೆಗೆ ಉಲ್ಟಾ, ಸಿಡಿಯನ್ನು ಒಳಗಿನಿಂದ ಹೊರಕ್ಕೆ ಓದುತ್ತಾರೆ. ಮೊದಲ ಹಾಡು ನಡುವಿನ ತೂತಿನ ಪಕ್ಕ, ಕೊನೆಯದು ಅಂಚಿನಲ್ಲಿ. ಶುರುವಿನಲ್ಲಿ ನಿಮಿಷಕ್ಕೆ 500 ಸುತ್ತು ತಿರುಗುವ ಡಿಸ್ಕ್, ಅಂಚಿಗೆ ಬರುವಾಗ 200ಕ್ಕೆ ಇಳಿದಿರುತ್ತದೆ. ಡಿಸ್ಕ್ ಚೂರು ಸೊಟ್ಟ ಇದ್ದರೂ ಅದು ಅಂಚಿನಲ್ಲೇ ಜಾಸ್ತಿ ಓಲಾಡುತ್ತದೆ. ದಣಿದ ಲೇಸರ್‌ಗೆ, ಅದು ಜಾರುವ ಗ್ರೀಸ್ ಒಣಗಿದ ಕಂಬಿಗೆ ಅಲ್ಲೇ ಕಷ್ಟ.

ಹಾಗಾಗಿ ಒಂದು ಉದ್ದನೆಯ ಕಂಪನಿ ಸಿಡಿ, ಒಂದು ಗೀರು ಬಿದ್ದದ್ದು, ಒಂದು ಬರ್ನ್ ಮಾಡಿದ್ದು ಜೊತೆಗಿರಲಿ. ಟ್ರೇ ಮುಚ್ಚಿದ ಮೇಲೆ ಎಷ್ಟು ಹಾಡಿದೆ ಎಂದು ಡಿಸ್‌ಪ್ಲೇ ತೋರಿಸುವವರೆಗೆ ಎಣಿಸಿ. ಹತ್ತು ಎಣಿಸಿದರೂ ಬರದಿದ್ದರೆ ಅನುಮಾನ ಪಡಿ. ಉದ್ದನೆಯ ಸಿಡಿಯ ಕೊನೆಯ ಹಾಡು ಹಾಕಿ ಪೂರ್ತಿ ಕೇಳಿ. ಅಲ್ಲಿಂದ ಮೊದಲ ಹಾಡಿಗೆ ಹಾರಿಸಿ. ಟ್ರೇ ಹತ್ತು ಸಲ ತೆಗೆದು ಮುಚ್ಚಿ. ಒಳಗಿನ ಬೆಲ್ಟ್ ಸಡಿಲವಾಗಿದ್ದರೆ ಐದಾರನೇ ಸಲಕ್ಕೆ ತಡವರಿಸುತ್ತದೆ. ಟೀ ಕುಡಿಯುವ ನೆಪದಲ್ಲಿ ಅರ್ಧ ಗಂಟೆ ಓಡಲು ಬಿಡಿ, ಬಿಸಿಯಾದ ಮೇಲೆ ಕೈಕೊಡುವ ಸೆಟ್‌ಗಳೂ ಇವೆ. ರಿಮೋಟ್ ಕೇಳಿ ಇಸ್ಕೊಳ್ಳಿ.

ಟುಕ್ ಟುಕ್ ಅಂದ ಕೂಡಲೇ ಪ್ಲೇಯರ್ ಸತ್ತಿತು ಅಂತಲ್ಲ. ಎಷ್ಟೋ ಸಲ ತೊಗರಿಬೇಳೆಯಷ್ಟು ಚಿಕ್ಕ ಲೆನ್ಸ್ ಮೇಲೆ ಧೂಳು ಕೂತಿರುತ್ತದೆ. ಪ್ಲಗ್ ಕಿತ್ತು, ಇಯರ್‌ಬಡ್ಡಿಗೆ ಚೂರೇ ಚೂರು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೂವಿನಷ್ಟು ಮೆತ್ತಗೆ ಒರೆಸಿ. ಪ್ಲೇಯರ್ ಓಡುವಾಗ ಮಾತ್ರ ಲೆನ್ಸ್ ಒಳಗೆ ಇಣುಕಬೇಡಿ. ಆ ಲೇಸರ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

ಒರೆಸಿದರೂ ಸರಿಹೋಗದಿದ್ದರೆ ಲೇಸರ್ ಘಟಕವನ್ನೇ ಬದಲಿಸಬೇಕು. ಆದ್ದರಿಂದ ಕೊಳ್ಳುವ ಮುಂಚೆಯೇ ಮಾಡೆಲ್ ನಂಬರ್ ಹಾಕಿ ಒಳಗೆ ಯಾವ ಲೇಸರ್ ಇದೆ ಎಂದು ಹುಡುಕಿ. ಸೋನಿಯ ಕೆಎಸ್ಎಸ್ 213 ಥರದ್ದಾದರೆ ನಿಶ್ಚಿಂತೆ. ಬೇರೆ ಬೇರೆ ಕಂಪನಿಗಳ ಸೆಟ್‌ಗಳಲ್ಲೂ ಅದೇ ಇದೆ, ಬದಲಿ ಸಿಗುತ್ತದೆ. ಅಪರೂಪದ ಲೇಸರ್ ಆದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಇನ್ನೊಂದು ಸಣ್ಣ ಗುಟ್ಟು. ಇಂಥ ಹೊಸ ಲೇಸರ್ ಘಟಕಗಳಲ್ಲಿ ಸ್ಥಿರ ವಿದ್ಯುತ್ತಿನಿಂದ ಕಾಪಾಡಲು ಒಂದು ಚುಕ್ಕೆ ಬೆಸುಗೆ ಹಾಕಿರುತ್ತಾರೆ. ಕೂರಿಸಿದ ಮೇಲೆ ಅದನ್ನು ತೆಗೆಯಬೇಕು. ಮರೆತರೆ ಹೊಸ ಲೇಸರ್ ಕೂಡ ಕೆಲಸ ಮಾಡುವುದಿಲ್ಲ. ರಿಪೇರಿಯವರಿಗೆ ಸುಮ್ನೆ ಒಮ್ಮೆ ನೆನಪಿಸಿ.

6. ಮನೆಗೆ ತಂದ ಮೇಲೆ

ಬಿಸಿಯಾಗುವ ಆಂಪ್ಲಿಫೈಯರ್ ತಲೆ ಮೇಲೆ ಇಡಬೇಡಿ, ಅಲುಗಾಡದ ಸಮತಟ್ಟಾದ ಜಾಗ ಕೊಡಿ. ಡಿಸ್ಕನ್ನು ನಡುವಿನಿಂದ ಅಂಚಿಗೆ ಒರೆಸಿ, ಸುತ್ತ ತಿರುಗಿಸಿ ಅಲ್ಲ. ತಳದ ಗೀರಿಗಿಂತ ಮೇಲಿನ ಚಿತ್ರದ ಕಡೆಯ ಗೀರು ಅಪಾಯ, ಹಾಡು ಕೂತಿರುವ ಪದರ ಅದರ ಕೆಳಗೇ ಇರುವುದು. ಬಲ್ಬಿಗೆ ಹಿಡಿದಾಗ ಸೂಜಿ ತೂತಿನಂತೆ ಬೆಳಕು ಕಂಡರೆ ಆ ಜಾಗದ ಪದರ ಹೋದಂತೆಯೇ.

ಅಂಗಡಿಯಲ್ಲಿ ಚೆನ್ನಾಗಿ ಓಡಿದ ಹಳೆಯ ಪ್ಲೇಯರ್ ಮನೆಗೆ ಬಂದ ಮೇಲೆ ಡಿಸ್ಕ್ ಮುಟ್ಟದೆ ಹಟ ಹಿಡಿದರೆ ಗಾಬರಿ ಬೇಡ. ಸಾಗಿಸುವಾಗ ಒಳಗಿನ ಭಾಗ ಅಲುಗಾಡದಿರಲಿ ಎಂದು ಕೆಲವು ಮಾಡೆಲ್‌ಗಳ ಅಡಿಯಲ್ಲಿ ಒಂದು ಲಾಕ್ ಸ್ಕ್ರೂ ಇರುತ್ತದೆ. ಮಾರಿದವರು ಪ್ಯಾಕ್ ಮಾಡುವಾಗ ಅದನ್ನು ಬಿಗಿ ಮಾಡಿರಬಹುದು. ರಿಪೇರಿ ಅಂಗಡಿಗೆ ಫೋನ್ ಮಾಡುವ ಮೊದಲು ಪ್ಲೇಯರನ್ನು ಮಗುಚಿ ನೋಡಿ.