ಎರಡು ಗೆರಿ ಬಂದ ಮ್ಯಾಲ ಮೊದಲ ನೋಡಬೇಕಾದ್ದು ಏನು?

ತಿಂಗಳಾ ತಪ್ಪಿ ಟೆಸ್ಟ್ ಮಾಡಿದಾಗ ಎರಡು ಗೆರಿ ಬಂದ್ರ ಮನ್ಯಾಗ ಎಲ್ಲಾರಿಗೂ ಖುಷಿ, ಆದ್ರ ಆ ಗೆರಿ ಬಸರಿ ಅದೀರಿ ಅಂತಷ್ಟ ಹೇಳ್ತಾವ, ಗರ್ಭ ಚೀಲದಾಗ ಕುಂತೈತೋ, ಹೊರಗ ಟ್ಯೂಬಿನಾಗ ಸಿಕ್ಕೊಂಡೈತೋ ಅಂತ ಹೇಳೂದಿಲ್ಲ ನೋಡ್ರಿ.

ಗರ್ಭಚೀಲದ ಎರಡೂ ಕಡೆ ಸುಮಾರು 10-12 ಸೆಂಟಿಮೀಟರ್ ಉದ್ದದ ಟ್ಯೂಬ್ ಇರ್ತಾವ, ತತ್ತಿಗೂ ವೀರ್ಯಾಣುವಿಗೂ ಭೇಟಿ ಆಗೂದು ಅಲ್ಲೇ. ಟ್ಯೂಬಿನ ಒಳಗ ಕಣ್ಣಿಗೆ ಕಾಣದಂಥಾ ಕೂದಲು ಅದಾವ, ಗಾಳಿಗೆ ಜ್ವಾಳದ ಹೊಲ ತೂಗಿದಂಗ ತೂಗಿ ಗರ್ಭಾನ ಚೀಲದ ಕಡೆ ತಳ್ತಾವ. ತತ್ತಿ ಬಿಡೂಕಿಂತ ಮೊದಲ ಈಸ್ಟ್ರೋಜನ್ ಅನ್ನೂ ಹಾರ್ಮೋನ್ ಏರಿ ಈ ಕೂದಲು ಬೆಳಸ್ತೈತಿ, ಆಮ್ಯಾಲ ಪ್ರೊಜೆಸ್ಟರಾನ್ ಅನ್ನೂ ಇನ್ನೊಂದು ಹಾರ್ಮೋನ್ ಬಂದು ಟ್ಯೂಬಿನ ಸ್ನಾಯು ಸಡಿಲ ಮಾಡಿ, ಕೂದಲಿನ ಓಟ ನಿಧಾನ ಮಾಡಿ, ಅತ್ಲಾಗ ಗರ್ಭಚೀಲದ ಒಳಪದರಾನೂ ಸಜ್ಜ ಮಾಡ್ತೈತಿ. ಎಲ್ಲಾ ಸರಿ ಇದ್ರ 3-4 ದಿನದಾಗ ಗರ್ಭ ಚೀಲ ಮುಟ್ಟತೈತಿ. ಹಿಂದ ಟ್ಯೂಬಿಗೆ ಸೋಂಕು ಆಗಿದ್ರ ಈ ಕೂದಲು ಹಾಳಾಗಿ ಗರ್ಭ ದಾರ್ಯಾಗ ಸಿಕ್ಕೊಳ್ಳೂ ಸಂಭವ ಜಾಸ್ತಿ. ಮಕ್ಕಳಾಗದ ಆಪರೇಷನ್ ಆದ ಮ್ಯಾಲ, ಇಲ್ಲಾ ಕಾಪರ್ ಟಿ ಇದ್ದಾಗ ಬಸರಾದ್ರಂತೂ ಕಾಯಬ್ಯಾಡ್ರಿ, ಸೀದಾ ಡಾಕ್ಟರ್ ಕಡೆ ಹೋಗ್ರಿ.

ಟೆಸ್ಟ್ ಮುಂಜಾನೆ ಮೊದಲ ಮೂತ್ರದಾಗ ಮಾಡ್ರಿ, ಕಿಟ್ ಆಶಾ ಅಕ್ಕಾರ ಕಡೆ ಕೇಳ್ರಿ. ಕಡೇ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಿಡಿದು 6-7 ವಾರಕ್ಕ ಸೋನೋಗ್ರಾಫಿ ಮಾಡಿಸ್ರಿ, "ಗರ್ಭ ಚೀಲದಾಗ ಐತೇನ್ರಿ?" ಅಂತ ಬಾಯಿಬಿಟ್ಟು ಕೇಳ್ರಿ, ನಾಚ್ಕೋಬ್ಯಾಡ್ರಿ. ಕಾಣ್ಲಿಲ್ಲಾ ಅಂದ್ರ ಎಚ್‌ಸಿಜಿ (ಬಸರಾದಾಗ ಏರೂ ಹಾರ್ಮೋನ್) ರಕ್ತ ಪರೀಕ್ಷೆ 48 ತಾಸು ಬಿಟ್ಟು ಎರಡು ಸಲ ಮಾಡ್ತಾರ. ಅದು ಸರಿಯಾಗಿ ಏರಲಿಲ್ಲಾ ಅಂದ್ರ ಗರ್ಭ ಟ್ಯೂಬಿನಾಗ ನಿಂತಿರಬಹುದು, ಇಲ್ಲಾ ಗರ್ಭಪಾತ ಆಗಲಿಕತ್ತಿರಬಹುದು, ಡಾಕ್ಟರು ಬೆನ್ನ ಹತ್ತಿ ನೋಡ್ತಾರ. ಬೇಗ ಗೊತ್ತಾದ್ರ ಕೆಲವರಿಗೆ ಟ್ಯೂಬಿನಾಗಿನ ಗರ್ಭ ಬೆಳೀದಂಗ ತಡ್ಯೂ ಮೆಥೊಟ್ರೆಕ್ಸೇಟ್ ಇಂಜೆಕ್ಷನ್‌ನಾಗ ಮುಗಿತೈತಿ, ಆಪರೇಷನ್ ಬೇಕಾಗೂದಿಲ್ಲ.

ಅಷ್ಟರೊಳಗ ಕೆಳಹೊಟ್ಟಿ ಒಂದ ಕಡೆ ಚುಚ್ಚಿ ನೋಯೂದು, ಸ್ವಲ್ಪ ಸ್ವಲ್ಪ ರಕ್ತ ಕಾಣೂದು, ಕಣ್ಣಿಗೆ ಕತ್ತಲಿ ಬರೂದು ಆದ್ರ ಗ್ಯಾಸ್ ಅಂತ ಸೋಡಾ ಕುಡಿಸ್ಕೋತ ಕೂಡಬ್ಯಾಡ್ರಿ. ಭುಜದ ತುದಿ ನೋಯ್ತಿದ್ರ ಅದು ಟ್ಯೂಬ್ ಒಡದು ಹೊಟ್ಯಾಗ ರಕ್ತ ಸೇರಿದ ಗುರುತು ಇರಬಹುದು. ಇಂಡಿ, ಸಿಂದಗಿ ಕಡೆ ಹಳ್ಳ್ಯಾಗ ಇದ್ರ ಮುಂಜಾನಿ ಬಸ್ಸಿನ ದಾರಿ ಕಾಯಬ್ಯಾಡ್ರಿ, ರಾತ್ರಿನ ಆಗಿರ್ಲಿ 108ಕ್ಕ ಫೋನ್ ಹಚ್ಚಿ, ಆಪರೇಷನ್ನಿಗೂ ರಕ್ತಕ್ಕೂ ವ್ಯವಸ್ಥಾ ಇರೂ ಆಸ್ಪತ್ರೆಗೆ, ಬೇಕಾದ್ರ ವಿಜಯಪುರಕ್ಕ, ಕರಕೊಂಡು ಹೋಗ್ರಿ. ದಾರ್ಯಾಗ ಏನೂ ತಿನಿಸಬ್ಯಾಡ್ರಿ, ಹೋದ ಕೂಡ್ಲೆ ಆಪರೇಷನ್ ಮಾಡಬೇಕಾಗಬಹುದು. ರಕ್ತದ ಗ್ರೂಪ್ ನೆಗೆಟಿವ್ ಇದ್ರ, ಮುಂದಿನ ಬಸರಿಗೆ ತೊಂದ್ರಿ ಆಗದಂಗ ಕೊಡೂ ಆಂಟಿ-ಡಿ ಇಂಜೆಕ್ಷನ್ ಬೇಕೇನು ಅಂತ ಮರೀದ ಕೇಳ್ರಿ.